ಗಡ್ಡೆಯಿಂದ ಕೋರ್ಟಿನ ತನಕ: ಹೊಳೆ ನಡುವಿನ ಊರಿನ ವಿಕಲಚೇತನರಿಗೆ ಕಾನೂನು ನೆರವು ಕೊಡಿಸುವ ಸಮಗ್ರ ಮಾರ್ಗದರ್ಶಿ

ಜಮಖಂಡಿ ತಾಲ್ಲೂಕಿನ ಮುತ್ತೂರು, ಕಂಕಣವಾಡಿ ಕಡೆಯ ಗಡ್ಡೆಗಳನ್ನು ನೋಡಿದವರಿಗೆ ನಾನು ಹೇಳುವ ಕಷ್ಟ ಬೇಗ ಅರ್ಥವಾಗುತ್ತದೆ. ಕೃಷ್ಣೆ ಎರಡು ಸೀಳಾಗಿ ಹರಿದು ನಡುವೆ ಬಿಟ್ಟ ನೆಲ ಅದು. ಕಬ್ಬು ಎದೆಯುದ್ದ ಬೆಳೆಯುತ್ತದೆ. ಆದರೆ ಒಂದು ಸಹಿ ಬೇಕೆಂದರೂ ಬೋಟು ಹತ್ತಬೇಕು. ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ ಕೊಯ್ನಾದಿಂದ ನೀರು ಬಿಟ್ಟರೆ ಬೋಟೂ ನಿಲ್ಲುತ್ತದೆ. ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ–ಯಡೂರಿನಂಥ ಕೆಳಸೇತುವೆಗಳು ಮುಳುಗಿದಾಗ ಗಡ್ಡೆಯಲ್ಲದ ಎಷ್ಟೋ ಹಳ್ಳಿ, ತೋಟದ ವಸತಿಗಳೂ ಇದೇ ಸ್ಥಿತಿಗೆ ಬರುತ್ತವೆ. ನಡೆಯಲಾಗದವರು, ಕಣ್ಣು ಕಾಣದವರು, ಮಾತು ಬಾರದವರು ಇಂಥಲ್ಲಿದ್ದರೆ ಅವರಿಗೆ ಕಚೇರಿ, ಪೊಲೀಸ್ ಠಾಣೆ, ಕೋರ್ಟು ಎಲ್ಲವೂ ಆಚೆ ದಂಡೆಯ ಮಾತೇ.

ನಾನು ಈ ಭಾಗದಲ್ಲಿ ಅರೆ ಕಾನೂನು ಸ್ವಯಂಸೇವಕಿಯಾಗಿ, ಅಂದರೆ ಜನರನ್ನು ಉಚಿತ ಕಾನೂನು ನೆರವಿನ ತನಕ ಮುಟ್ಟಿಸುವವಳಾಗಿ, ಓಡಾಡಿದವಳು. ಕಲಿತದ್ದು ಒಂದೇ: ಇವರಿಗೆ ಕಾನೂನು ಕಡಿಮೆ ಬಿದ್ದಿಲ್ಲ, ದಾಟುವುದು ಕಷ್ಟವಾಗಿದೆ. ಆದ್ದರಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಒಮ್ಮೆ ಹೊಳೆ ದಾಟಿದರೆ ಮುದ್ರೆ, ತಾರೀಖು ಬಿದ್ದ ಒಂದು ಕಾಗದವಾದರೂ ಕೈಯಲ್ಲಿಲ್ಲದೆ ವಾಪಸು ಬರುವುದಿಲ್ಲ. ಅಧಿಕಾರಿಯೇ ದಾಟಿ ಬರಬೇಕೆಂದು ಕಾನೂನು ಹೇಳಿದ ಕಡೆ ವಿಕಲಚೇತನರನ್ನು ದಾಟಿಸುವುದೂ ಇಲ್ಲ. ಮುಂದೆ ಬರೆದಿರುವುದೆಲ್ಲ ಈ ಎರಡು ಮಾತಿನ ವಿಸ್ತಾರ. ಸಂಬಂಧಿಕರಿಗೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಸ್ವಸಹಾಯ ಸಂಘದ ಅಕ್ಕಂದಿರಿಗೆ ಉಪಯೋಗವಾಗಲಿ.

ಹೆಜ್ಜೆ 1: ಮನೆಮನೆ ಪಟ್ಟಿ

ವಕೀಲರ ಹತ್ತಿರ ಹೋಗುವ ಮೊದಲು ಗಡ್ಡೆಯ ಪ್ರತಿ ಮನೆಗೆ ಹೋಗಿ. "ನಿಮ್ಮ ಮನ್ಯಾಗ ಅಂಗವಿಕಲರು ಅದಾರೇನ್ರಿ?" ಎಂದು ಕೇಳಿದರೆ ಬಹಳ ಮನೆಗಳಲ್ಲಿ "ಇಲ್ರಿ" ಎನ್ನುತ್ತಾರೆ. ನಾಚಿಕೆ ಒಂದು ಕಾರಣ, ಮಗಳ ಮದುವೆಯ ಚಿಂತೆ ಇನ್ನೊಂದು. ನಾನು ಕೇಳುವುದು ಬೇರೆ: "ಒಂದ ವರ್ಷದಾಗ ಒಮ್ಮೆನೂ ಹೊಳಿ ದಾಟದವ್ರು ಯಾರರೆ ಅದಾರೇನ್ರೀ ಯಕ್ಕಾ?" ಆಗ ಒಳಕೋಣೆಯ ಹೆಸರುಗಳು ಹೊರಬರುತ್ತವೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕೈಕಾಲು, ಕಣ್ಣು, ಕಿವಿ ಮಾತ್ರವಲ್ಲ. ಮಾನಸಿಕ ಕಾಯಿಲೆ, ಬೌದ್ಧಿಕ ವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್, ಹಿಮೋಫಿಲಿಯಾ, ತಲಸ್ಸೇಮಿಯಾ, ಕುಷ್ಠದಿಂದ ಗುಣವಾದವರು, ಆಸಿಡ್ ದಾಳಿಗೆ ತುತ್ತಾದವರು, ಕುಬ್ಜತೆ ಎಲ್ಲವೂ ಸೇರಿವೆ. 1995ರ ಹಳೆಯ ಕಾಯ್ದೆಯ ನೆನಪಿನಲ್ಲೇ ಇರುವ ಸಿಬ್ಬಂದಿ "ಇದು ಬರೂದಿಲ್ಲ" ಎಂದರೆ ನಂಬಬೇಡಿ.

ಪಟ್ಟಿಯಲ್ಲಿ ಹೆಸರು, ವಯಸ್ಸಿನ ಜೊತೆ ಇವನ್ನೂ ಬರೆಯಿರಿ: ವೈಕಲ್ಯದ ಪ್ರಮಾಣಪತ್ರ ಇದೆಯೇ, ಬ್ಯಾಂಕ್ ಪಾಸ್‌ಬುಕ್ ಯಾರ ಕೈಯಲ್ಲಿದೆ, ಜಮೀನಿನ ಉತಾರ (ಪಹಣಿ) ಯಾರ ಹೆಸರಿಗಿದೆ, ಯಾವ ಕಚೇರಿ ಏನನ್ನು ನಿರಾಕರಿಸಿದೆ, ಬೋಟಿನಲ್ಲಿ ಕೂತು ಬರಬಲ್ಲರೇ ಅಥವಾ ಇಬ್ಬರು ಎತ್ತಬೇಕೇ. ಮಾನಸಿಕ ಕಾಯಿಲೆ, ಕುಷ್ಠದಂಥ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಯಾರಿಗೂ ತೋರಿಸಬೇಡಿ. ಗ್ರಾಮಸಭೆಯಲ್ಲಿ ಓದಿ ಹೇಳುವುದಂತೂ ಬೇಡವೇ ಬೇಡ.

ಹೆಜ್ಜೆ 2: ಯುಡಿಐಡಿ ಕಾರ್ಡು

ಯುಡಿಐಡಿ ಎಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಇದಿಲ್ಲದೆ ಬೇರೆ ಬಾಗಿಲು ತೆರೆಯುವುದು ಕಷ್ಟ. ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಹಾಕಬೇಕು. ಆಧಾರ್, ಫೋಟೋ, ವಿಳಾಸದ ದಾಖಲೆ, ಇದ್ದರೆ ಹಳೆಯ ಆಸ್ಪತ್ರೆ ಚೀಟಿ ಸಾಕು. ಇಷ್ಟನ್ನು ಗಡ್ಡೆಯಲ್ಲೇ ಕೂತು ಫೋನಿನಲ್ಲಿ ಮಾಡಬಹುದು. ನೋಂದಣಿ ಸಂಖ್ಯೆ ಬಂದ ಕೂಡಲೇ ಬರೆದಿಟ್ಟುಕೊಳ್ಳಿ, ನಿಮ್ಮ ಮೊದಲ ಪುರಾವೆ ಅದೇ. 2024ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಮೂರು ತಿಂಗಳೊಳಗೆ ಪ್ರಮಾಣಪತ್ರ ಕೊಡಬೇಕು. ವೈಕಲ್ಯ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗಿದ್ದರೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ ಪಟ್ಟಿಯ ಕಾರ್ಡು ಬರುತ್ತದೆ.

ಕಷ್ಟ ಇರುವುದು ವೈದ್ಯರ ಪರೀಕ್ಷೆಗೆ ಹೋಗುವುದರಲ್ಲಿ. ಸೆರೆಬ್ರಲ್ ಪಾಲ್ಸಿ ಇರುವ ಹದಿನಾರರ ಮಗನನ್ನು ಹೊತ್ತು ಒಬ್ಬ ತಾಯಿ ಮೂರು ಸಲ ಹೊಳೆ ದಾಟಿದ್ದರು. ಮೂರೂ ಸಲ ಸಂಬಂಧಪಟ್ಟ ಡಾಕ್ಟರು ಇರಲಿಲ್ಲ, ಮೂರೂ ಸಲ ಅವರು ಬಂದುಹೋದದ್ದಕ್ಕೆ ಒಂದು ಚೀಟಿಯೂ ಸಿಗಲಿಲ್ಲ. ನಾಲ್ಕನೆಯ ಸಲ ನಾವು ಮಗನನ್ನು ದಾಟಿಸಲಿಲ್ಲ, ಕಾಗದವನ್ನು ದಾಟಿಸಿದೆವು. ಗಡ್ಡೆಯ ಏಳು ಜನರ ನೋಂದಣಿ ಸಂಖ್ಯೆ ಬರೆದು, ದಂಡೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಒಂದು ದಿನ ತಪಾಸಣಾ ಶಿಬಿರ ಇಡಿ ಎಂದು ಜಿಲ್ಲಾ ಆಸ್ಪತ್ರೆಗೂ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೂ ಅರ್ಜಿ ಕೊಟ್ಟೆವು. ಪ್ರತಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆವು. ಶಿಬಿರ ನಡೆಯಿತು. ಒಬ್ಬರೇ ಕೇಳುವುದಕ್ಕಿಂತ ಏಳು ಜನ ಒಟ್ಟಿಗೆ ಕೇಳಿದರೆ ಶಿಬಿರಕ್ಕೆ ಒಪ್ಪಿಸುವುದು ಸುಲಭ.

ಶೇಕಡಾವಾರು ಕಡಿಮೆ ಹಾಕಿದ್ದಾರೆ ಎನಿಸಿದರೆ ಅಲ್ಲಿಗೇ ಬಿಡಬೇಡಿ. 2016ರ ಕಾಯ್ದೆಯ ಕಲಂ 59ರಡಿ ಮೇಲ್ಮನವಿ ಇದೆ, 90 ದಿನದೊಳಗೆ ಹಾಕಬೇಕು. ಬಿಳಿ ಪಟ್ಟಿಯ ಕಾರ್ಡು ಬಂದರೆ ಹಕ್ಕೇ ಇಲ್ಲವೆಂದೂ ಅಲ್ಲ. ಮೀಸಲಾತಿಗೆ ಶೇ. 40 ಬೇಕು, ನಿಜ. ಆದರೆ ತಾರತಮ್ಯ ಮಾಡಬಾರದು, ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಎಂಬ ಹಕ್ಕು ಎಲ್ಲ ವಿಕಲಚೇತನರದು. ಬರೆಯಲು ಕೈ ಸಹಕರಿಸದ ಅಭ್ಯರ್ಥಿಯೊಬ್ಬರಿಗೆ ಪರೀಕ್ಷೆಯಲ್ಲಿ ಲಿಪಿಕಾರರನ್ನು ಕೊಡುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಇದನ್ನೇ ಹೇಳಿತು.

ಹೆಜ್ಜೆ 3: ಉಚಿತ ವಕೀಲರನ್ನು ಪಡೆಯುವುದು

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ವಿಕಲಚೇತನರಿಗೆ ಉಚಿತ ಕಾನೂನು ಸೇವೆ ಸಿಗಬೇಕು. ಆದಾಯದ ಮಿತಿ ಅವರಿಗೆ ಅನ್ವಯಿಸುವುದಿಲ್ಲ. "ಹತ್ತ ಎಕರೆ ಕಬ್ಬು ಐತಿ, ನಿಮಗ್ಯಾಕ್ರಿ ಫುಕಟ್ ವಕೀಲ್ರು" ಎಂಬ ಮಾತನ್ನು ನಾನೇ ಕೇಳಿಸಿಕೊಂಡಿದ್ದೇನೆ. ಅದು ತಪ್ಪು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನೆರೆ ಸಂತ್ರಸ್ತರಿಗೂ ಇದೇ ಕಲಂ ಅನ್ವಯಿಸುತ್ತದೆ.

ತಾಲ್ಲೂಕು ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜಿಲ್ಲಾ ನ್ಯಾಯಾಲಯಗಳಲ್ಲಿ ಜಿಲ್ಲಾ ಪ್ರಾಧಿಕಾರ ಇವೆ. ಫೋನು ಹಿಡಿಯುವಷ್ಟು ಸಿಗ್ನಲ್ ಇದ್ದರೆ ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಸಾಕು, ಸಿಬ್ಬಂದಿಯೋ ಸ್ವಯಂಸೇವಕರೋ ಬರೆದುಕೊಳ್ಳಬೇಕು. ಅರ್ಜಿಯ ಮೇಲೆ ಏಳು ದಿನದೊಳಗೆ ತೀರ್ಮಾನವಾಗಬೇಕು. ವಕೀಲರ ಶುಲ್ಕ, ಕೋರ್ಟ್ ಶುಲ್ಕ, ಸಾಕ್ಷಿಗಳ ಖರ್ಚು, ಆದೇಶದ ನಕಲು ಎಲ್ಲ ಅದರಲ್ಲೇ ಬರುತ್ತದೆ. ನೇಮಕವಾದ ವಕೀಲರು ಹಣ ಕೇಳಿದರೆ ಅಥವಾ ವಾಯಿದೆಗೆ ಹೋಗದಿದ್ದರೆ ಪ್ರಾಧಿಕಾರಕ್ಕೆ ಬರೆದು ಬೇರೆ ವಕೀಲರನ್ನು ಕೇಳಬಹುದು.

ಅರ್ಜಿಯಲ್ಲಿ ಸಮಸ್ಯೆಯನ್ನು ಮಾತ್ರ ಬರೆದು ಬಿಡಬೇಡಿ. ಹೊಳೆಯನ್ನೂ ಬರೆಯಿರಿ. ನಾನು ಬಳಸುವ ಮಾದರಿ ಇದು:

"ನಾನು ಕೃಷ್ಣಾ ನದಿಯ ನಡುವಿನ ಗಡ್ಡೆಯಲ್ಲಿ ವಾಸವಿದ್ದೇನೆ. ನನಗೆ ಎರಡೂ ಕಾಲುಗಳಲ್ಲಿ ಬಲವಿಲ್ಲ, ಯುಡಿಐಡಿ ಸಂಖ್ಯೆ ಹೀಗಿದೆ. ಬೋಟಿನಲ್ಲಿ ಬರಲು ಇಬ್ಬರ ಸಹಾಯ ಬೇಕು, ಜೂನ್‌ನಿಂದ ಸೆಪ್ಟೆಂಬರ್ ತನಕ ಬರಲಾಗುವುದಿಲ್ಲ. ನನ್ನ ಸಮಸ್ಯೆ ಹೀಗಿದೆ. 2016ರ ಕಾಯ್ದೆಯ 12ನೇ ಕಲಂ ಪ್ರಕಾರ ಈ ಅನುಕೂಲಗಳನ್ನು ಕೋರುತ್ತೇನೆ: ವಕೀಲರು ಅಥವಾ ಸ್ವಯಂಸೇವಕರು ಮನೆಗೆ ಬಂದು ವಿವರ ಪಡೆಯಬೇಕು. ವಿಚಾರಣೆ ನೆಲಮಹಡಿಯಲ್ಲಿ ಅಥವಾ ವಿಡಿಯೊ ಮೂಲಕ ನಡೆಯಬೇಕು. ನನ್ನ ಸಾಕ್ಷ್ಯವನ್ನು ಮನೆಯಲ್ಲೇ ದಾಖಲಿಸಬೇಕು."

ಕೊನೆಯ ಬೇಡಿಕೆ ದೊಡ್ಡದೇನಲ್ಲ. ಸಿವಿಲ್ ಪ್ರಕರಣದಲ್ಲಿ ಕಾಯಿಲೆ, ಅಶಕ್ತತೆಯಿಂದ ಕೋರ್ಟಿಗೆ ಬರಲಾಗದವರ ಸಾಕ್ಷ್ಯವನ್ನು ಕಮಿಷನರ್ ನೇಮಿಸಿ ಅವರಿದ್ದಲ್ಲಿಗೇ ಹೋಗಿ ಪಡೆಯಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದಲ್ಲಿ ಬಹಳ ಹಿಂದಿನಿಂದಲೂ ಅವಕಾಶವಿದೆ. ಕೇಳುವವರು ಕಡಿಮೆ, ಅಷ್ಟೇ.

ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮುದ್ರೆ, ತಾರೀಖು, ಆವಕ ಸಂಖ್ಯೆ ಹಾಕಿಸಿ. ಮುದ್ರೆ ಹಾಕಲು ಒಪ್ಪದಿದ್ದರೆ ಅದೇ ಊರಿನ ಅಂಚೆ ಕಚೇರಿಗೆ ನಡೆದು ಸ್ಪೀಡ್ ಪೋಸ್ಟ್ ಮಾಡಿ, ರಸೀತಿ ಇಟ್ಟುಕೊಳ್ಳಿ.

ಹೆಜ್ಜೆ 4: ಹೊಲ, ಉತಾರ, ವಾಟ್ನಿ (ಪಾಲು ಹಂಚಿಕೆ)

ನನ್ನ ಪಟ್ಟಿಗಳಲ್ಲಿ ಮಾಸಾಶನದಷ್ಟೇ ಬರುವ ಇನ್ನೊಂದು ಸಂಗತಿ ಜಮೀನು. ಇದರಲ್ಲಿ ವಿಕಲಚೇತನರಿಗೆ ಅನ್ಯಾಯ ಮಾಡುವವರು ಹೊರಗಿನವರಲ್ಲ, ಜೊತೆಗೆ ಉಂಡವರು. ಅದಕ್ಕೇ ಯಾರೂ ಬಾಯಿಬಿಡುವುದಿಲ್ಲ.

ಪೋಲಿಯೊದಿಂದ ಕಾಲು ಹೋದ ಒಬ್ಬ ಅಕ್ಕ ತಂದೆ ತೀರಿಕೊಂಡ ಮೇಲೆ ವಾರಸಾ ಹಚ್ಚುವ ಹೊತ್ತಿಗೆ ತಮ್ಮಂದಿರು ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. "ಮಾಸಾಶನದ ಕಾಗದ ಅಂದ್ರು ತಂಗಿ, ನನಗೇನ್ ಗೊತ್ತು" ಎಂದರು. ಅದು ಹಕ್ಕು ಬಿಡುಗಡೆ ಪತ್ರವಾಗಿತ್ತು. ಅವರಿಗೆ ಒಂದು ಗುಂಟೆಯೂ ಉಳಿದಿರಲಿಲ್ಲ.

ಇಂಥಲ್ಲಿ ಏನೇನು ಆಧಾರಗಳಿವೆ ಎಂದು ತಿಳಿದಿರಬೇಕು. ರೋಗ, ಅಂಗದೋಷ, ವಿಕಾರದ ಕಾರಣಕ್ಕೆ ಯಾರಿಗೂ ವಾರಸುದಾರಿಕೆ ತಪ್ಪುವುದಿಲ್ಲ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಹೇಳುತ್ತದೆ. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿದೆ. 2016ರ ಕಾಯ್ದೆಯ 13ನೇ ಕಲಂ ಆಸ್ತಿ ಹೊಂದುವ, ಹಣಕಾಸು ನಡೆಸುವ ಹಕ್ಕು ಉಳಿದವರಷ್ಟೇ ಇವರಿಗೂ ಇದೆ ಎನ್ನುತ್ತದೆ. ಅದೇ ಕಲಂನಲ್ಲಿ ಇನ್ನೊಂದು ಮಾತಿದೆ: ನೆರವು ನೀಡುವವರ ಹಿತವೂ ವಿಕಲಚೇತನರ ಹಿತವೂ ಒಂದಕ್ಕೊಂದು ವಿರುದ್ಧವಾಗುವ ವ್ಯವಹಾರದಲ್ಲಿ ಅವರು ನೆರವಿಗೆ ನಿಲ್ಲಬಾರದು. ಅಂದರೆ ಅಕ್ಕನ ಪಾಲು ತಮ್ಮನಿಗೆ ಹೋಗುವ ಪತ್ರವನ್ನು ಆ ತಮ್ಮನೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸುವಂತಿಲ್ಲ.

ಮಾಡಬೇಕಾದದ್ದು ಹೀಗೆ. ಉತಾರದ ಹೊಸ ಪ್ರತಿ ತೆಗೆಸಿ, ಅದಕ್ಕೆ ಹೊಳೆ ದಾಟಬೇಕಿಲ್ಲ, ಆನ್‌ಲೈನಿನಲ್ಲಿ ಸಿಗುತ್ತದೆ. ಹೆಸರು ಬದಲಾಗುವ ಪ್ರಕ್ರಿಯೆ ಇನ್ನೂ ನಡೆದಿದ್ದರೆ ಗ್ರಾಮ ಆಡಳಿತಾಧಿಕಾರಿಗೂ ತಹಶೀಲ್ದಾರರಿಗೂ ಆ ದಿನವೇ ತಕರಾರು ಅರ್ಜಿ ಕೊಡಿ. ಪತ್ರ ಆಗಲೇ ನೋಂದಣಿಯಾಗಿದ್ದರೆ ಅದನ್ನು ರದ್ದುಪಡಿಸಲು ದಾವೆ ಹಾಕಬೇಕು. ವಂಚನೆ ಗೊತ್ತಾದ ದಿನದಿಂದ 3 ವರ್ಷದ ಗಡುವು ಇದೆ. ಕಾಲಿನ ತೊಂದರೆ, ಹೊಳೆಯ ತೊಂದರೆ ಎಂದು ಈ ಗಡುವು ತಾನಾಗಿ ಬೆಳೆಯುವುದಿಲ್ಲ. ಅಕ್ಕನ ವಿಷಯದಲ್ಲಿ ನಾವು ಗಾಬರಿಯಿಂದ ಓಡಿದ್ದು ಇದಕ್ಕೇ.

ಇನ್ನೊಂದು, ಬಹಳ ಜನರಿಗೆ ತಿಳಿಯದ್ದು. 1908ರ ನೋಂದಣಿ ಕಾಯ್ದೆಯ 31 ಮತ್ತು 38ನೇ ಕಲಂಗಳ ಪ್ರಕಾರ ದೇಹದ ಅಶಕ್ತತೆಯಿಂದ ಉಪನೋಂದಣಿ ಕಚೇರಿಗೆ ಬರಲಾಗದವರ ಮನೆಗೇ ಅಧಿಕಾರಿ ಬಂದು ಅಥವಾ ಕಮಿಷನ್ ಕಳಿಸಿ ಪತ್ರ ನೋಂದಾಯಿಸಬಹುದು. ವಾಟ್ನಿಪತ್ರ ಮಾಡುವಾಗ ಲಿಖಿತವಾಗಿ ಕೇಳಿ. ಅಧಿಕಾರಿ ಎದುರು ಕೂತು ಓದಿ ಹೇಳಿದ ಪತ್ರಕ್ಕೆ ಮೋಸದ ಭಯವೂ ಕಡಿಮೆ.

ಬಾಗಲಕೋಟೆ ಜಿಲ್ಲೆಯವರಿಗೆ ಮುಳುಗಡೆ ಹೊಸ ಮಾತಲ್ಲ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮೂರನೇ ಹಂತದ ಭೂಸ್ವಾಧೀನದ ವ್ಯಾಪ್ತಿಯಲ್ಲಿ ನಿಮ್ಮ ಹೊಲ ಇದ್ದರೆ, ಪರಿಹಾರ ಬರುವ ಮುಂಚೆ ವಿಕಲಚೇತನರ ಹೆಸರು ಉತಾರದಲ್ಲಿ ಇರುವಂತೆ ನೋಡಿಕೊಳ್ಳಿ. ದುಡ್ಡು ಒಬ್ಬರ ಖಾತೆಗೆ ಬಿದ್ದ ಮೇಲೆ ಪಾಲು ಕೇಳುವುದು ಮುಳುಗಿದ ಗಡಿಗಲ್ಲು ಹುಡುಕಿದ ಹಾಗೆ.

ಹೆಜ್ಜೆ 5: ಮಾಸಾಶನ, ಶಾಲೆ, ಬ್ಯಾಂಕು

ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದಾಗ ಸಕಾಲ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡುವ ವ್ಯವಸ್ಥೆ) ಸಂಖ್ಯೆ ಇರುವ ಸ್ವೀಕೃತಿ ಕೇಳಿ. ಅದರಲ್ಲಿ ಕೆಲಸ ಮುಗಿಯಬೇಕಾದ ತಾರೀಖೇ ಬರೆದಿರುತ್ತದೆ. ತಡವಾದರೆ ಮೇಲ್ಮನವಿಯೂ ಉಂಟು, ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರವೂ ಉಂಟು. ಬರುತ್ತಿದ್ದ ಮಾಸಾಶನ ಏಕಾಏಕಿ ನಿಂತರೆ ಮೊದಲು ಆಧಾರ್ ಜೋಡಣೆ, ಬ್ಯಾಂಕ್ ಖಾತೆ ನೋಡಿ. ಅಲ್ಲಿ ತೊಂದರೆ ಇಲ್ಲದಿದ್ದರೆ ನಿಲ್ಲಿಸಿದ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ, 30 ದಿನದೊಳಗೆ ಕೊಡಬೇಕು.

ಬೆರಳಚ್ಚು ಮೂಡದವರು, ಕಣ್ಣು ಮಿಟುಕಿಸಿ ತೋರಿಸಲಾಗದವರು ಬ್ಯಾಂಕಿನ ಕೆವೈಸಿಯಲ್ಲಿ, ಅಂದರೆ ಗುರುತು ಖಚಿತಪಡಿಸುವ ಹಂತದಲ್ಲಿ, ಸಿಕ್ಕಿಬೀಳುತ್ತಾರೆ. ಇಂಥವರಿಗೆ ಬೇರೆ ವಿಧಾನ ಒದಗಿಸಲೇಬೇಕೆಂದು, ಡಿಜಿಟಲ್ ಸೇವೆ ಎಟುಕುವುದು ಬದುಕುವ ಹಕ್ಕಿನದೇ ಭಾಗವೆಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್‌ನಲ್ಲಿ ಹೇಳಿದೆ. ಬ್ಯಾಂಕಿಗೆ ಕೊಡುವ ಅರ್ಜಿಯಲ್ಲಿ ಈ ಸಾಲು ಸೇರಿಸಿ.

ಮಕ್ಕಳ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದ ತನಕ ಹತ್ತಿರದ ಶಾಲೆಯಲ್ಲೋ ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಗಡ್ಡೆಯ ಮಗು ಎಂದ ಕೂಡಲೇ "ಗೃಹಾಧಾರಿತ ಶಿಕ್ಷಣ ಬರೆಸಿಬಿಡ್ರಿ" ಎನ್ನುತ್ತಾರೆ. ಅದು ತೀವ್ರ ವೈಕಲ್ಯವಿರುವ ಮಗುವಿನ ಮನೆಯವರು ಆರಿಸಿಕೊಳ್ಳಬಹುದಾದ ದಾರಿ, ಶಾಲೆ ಹೇರುವಂಥದ್ದಲ್ಲ. ಮಗುವಿಗೆ ಓರಗೆಯವರು ಬೇಕು. ಸಾರಿಗೆ ಭತ್ಯೆ, ಬೆಂಗಾವಲಿನ ವ್ಯವಸ್ಥೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆದು ಕೇಳಿ.

ಹೆಜ್ಜೆ 6: ಕಚೇರಿ ಕೇಳದಿದ್ದರೆ ಮೇಲಿನ ಮೆಟ್ಟಿಲು

ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ಅಧಿಕಾರಿ ಇರಬೇಕು, ಉದ್ಯೋಗಕ್ಕೆ ಸಂಬಂಧಿಸಿದ ದೂರನ್ನು ಎರಡು ವಾರದೊಳಗೆ ವಿಚಾರಿಸಬೇಕು. ಅಲ್ಲಿಂದ ಮೇಲೆ ಜಿಲ್ಲಾ ಮಟ್ಟದ ಸಮಿತಿ. ಉಳಿದ ಎಲ್ಲ ಹಕ್ಕುಗಳ ಉಲ್ಲಂಘನೆಗೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೇ ದೂರು ಕಳಿಸಬಹುದು. ಅಧಿಕಾರಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಏನು ಕ್ರಮವಾಯಿತೆಂದು ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು.

ಬಸ್ಸು, ವಿದ್ಯುತ್ತು, ನೀರು, ಆಸ್ಪತ್ರೆ, ವಿಮೆಯ ತಕರಾರಿಗೆ ಬೆಳಗಾವಿಯಲ್ಲಿರುವ ಕಾಯಂ ಜನತಾ ನ್ಯಾಯಾಲಯ ಒಳ್ಳೆಯ ದಾರಿ. ಕೋರ್ಟ್ ಶುಲ್ಕವಿಲ್ಲ.

ಹೈಕೋರ್ಟಿಗೆ ಹೋಗುವ ಸಂದರ್ಭ ಬಂದರೆ ಒಂದನ್ನು ನೆನಪಿಡಿ: ಬೆಳಗಾವಿ, ಬಾಗಲಕೋಟೆಗೆ ಧಾರವಾಡ ಪೀಠ, ವಿಜಯಪುರಕ್ಕೆ ಕಲಬುರಗಿ ಪೀಠ. ಕೃಷ್ಣೆಯ ಈ ದಂಡೆ ಬಾಗಲಕೋಟೆ, ಆ ದಂಡೆ ವಿಜಯಪುರ ಆಗಿರುವ ಕಡೆ ಜನ ತಪ್ಪು ಊರಿಗೆ ಹೋಗಿ ಬಂದದ್ದುಂಟು. ಎರಡೂ ಕಡೆ ಹೈಕೋರ್ಟಿನ ಕಾನೂನು ಸೇವಾ ಸಮಿತಿಯ ಮೂಲಕ ವಕೀಲರು ಸಿಗುತ್ತಾರೆ. ರಿಟ್ ಅರ್ಜಿಗೆ ಅರ್ಜಿದಾರರು ಹಾಜರಾಗಬೇಕಿಲ್ಲ, ಅಫಿಡವಿಟ್‌ಗೆ ಇಲ್ಲೇ ಸಹಿ ಮಾಡಿ ಕಳಿಸಬಹುದು.

ಹೆಜ್ಜೆ 7: ಹಿಂಸೆ ನಡೆದಿದ್ದರೆ

ಅವಮಾನ, ಹಲ್ಲೆ, ಬೇಕೆಂದೇ ಊಟ ನೀರು ಕೊಡದಿರುವುದು, ಲೈಂಗಿಕ ಶೋಷಣೆ ಇವೆಲ್ಲ 2016ರ ಕಾಯ್ದೆಯ ಕಲಂ 92ರಡಿ ಅಪರಾಧ. ಶಿಕ್ಷೆ 6 ತಿಂಗಳಿಂದ 5 ವರ್ಷ ಮತ್ತು ದಂಡ. ಗಡ್ಡೆ ಯಾವ ಠಾಣೆಗೆ ಸೇರಿದ್ದು ಎಂದು ಪೊಲೀಸರು ಆಚೆ ದಂಡೆಗೆ ಕೈ ತೋರಿಸಿದರೆ ಒಪ್ಪಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಕೃತ್ಯ ಎಲ್ಲೇ ನಡೆದಿರಲಿ, ಮಾಹಿತಿ ಬರೆದುಕೊಳ್ಳಬೇಕು. ಲೈಂಗಿಕ ಅಪರಾಧಕ್ಕೆ ಗುರಿಯಾದ ವಿಕಲಚೇತನರ ದೂರನ್ನು ಪೊಲೀಸರೇ ಅವರ ಮನೆಗೆ ಅಥವಾ ಅವರು ಹೇಳಿದ ಜಾಗಕ್ಕೆ ಬಂದು, ಅಗತ್ಯವಿದ್ದರೆ ಸನ್ನೆ ಭಾಷೆ ತಿಳಿದವರನ್ನು ಕರೆತಂದು, ವಿಡಿಯೊ ಸಮೇತ ದಾಖಲಿಸಬೇಕು. ಸಾಕ್ಷಿ ಹೇಳಲು ವಿಕಲಚೇತನರನ್ನು ಠಾಣೆಗೆ ಬರಹೇಳುವಂತಿಲ್ಲ (ಅದೇ ಸಂಹಿತೆಯ ಕಲಂ 179).

ಹಿಂಸಿಸುವವರು ಮನೆಯವರೇ ಆಗಿದ್ದು ಕೂಡಲೇ ಅಲ್ಲಿಂದ ಬಿಡಿಸಬೇಕಾದರೆ 2016ರ ಕಾಯ್ದೆಯ ಕಲಂ 7 ಬಳಸಿ, ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ನಮ್ಮಲ್ಲಿ ತಹಶೀಲ್ದಾರರಿಗೆ, ಬರೆಯಿರಿ. ನೆರೆಮನೆಯವರೂ ಮಾಹಿತಿ ಕೊಡಬಹುದು.  ನಾಲ್ಕೇ ಮನೆ ಇರುವ ಗಡ್ಡೆಯಲ್ಲಿ ಹೇಳಿದವರು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಅದಕ್ಕಾಗಿ ನಾನು ಸಾಧ್ಯವಾದಷ್ಟು ನನ್ನ ಹೆಸರಿನಲ್ಲೇ ಬರೆಯುತ್ತೇನೆ.

ಹೆಜ್ಜೆ 8: ಪಾಲಕತ್ವ, ಬೇಕಿದ್ದರೆ ಮಾತ್ರ

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ಕಣ್ಣು ಕಾಣದವರಿಗೆ, ಕಿವುಡರಿಗೆ, ಕಾಲಿಲ್ಲದವರಿಗೆ ಪಾಲಕರು ಬೇಕಿಲ್ಲ. ಬೇಕೆಂದು ಕೇಳುವ ಬ್ಯಾಂಕಿಗೆ 2016ರ ಕಾಯ್ದೆಯ 13ನೇ ಕಲಂ ತೋರಿಸಿ.

ಹೆಜ್ಜೆ 9: ಮಳೆಗೆ ಮುಂಚೆ

ದೀಪಾವಳಿಯಿಂದ ಮೇ ತಿಂಗಳವರೆಗೆ ದಾವೆ, ಶಿಬಿರ, ನೋಂದಣಿ ಮುಗಿಸಿಕೊಳ್ಳಿ. ಮೇ ಕೊನೆಗೆ ಮೊದಲ ಹೆಜ್ಜೆಯ ಪಟ್ಟಿಯನ್ನು ಮತ್ತೆ ತೆಗೆಯಿರಿ. 2016ರ ಕಾಯ್ದೆಯ 8ನೇ ಕಲಂ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ವಿಕಲಚೇತನರ ವಿವರ ಇಟ್ಟುಕೊಂಡಿರಬೇಕು, ಅಪಾಯ ಬಂದಾಗ ಅವರಿಗೆ ತಿಳಿಸಬೇಕು. ಯಾರನ್ನು ಎತ್ತಬೇಕು, ಯಾರಿಗೆ ಕೂಗಿದರೆ ಕೇಳಿಸುವುದಿಲ್ಲ, ಯಾರು ಹೊಸಬರನ್ನು ಕಂಡು ಹೆದರಿ ಅಡಗುತ್ತಾರೆ ಎಂದು ಬರೆದು, ಅವರವರ ಒಪ್ಪಿಗೆ ಪಡೆದು, ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗೂ ಕೊಟ್ಟು ಮುದ್ರೆ ಹಾಕಿಸಿ. ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಪ್ರತಿಯೊಂದರ ಫೋಟೋ ಫೋನಿನಲ್ಲಿರಲಿ, ಯುಡಿಐಡಿ ಕಾರ್ಡನ್ನು ಡಿಜಿಲಾಕರ್‌ಗೂ ಸೇರಿಸಿ.

ನೀರು ಇಳಿದ ಮೇಲೆ ಪಂಚನಾಮೆಗೆ ಬಂದವರು ಗೋಡೆ, ಬೆಳೆ, ದನ ಬರೆದುಕೊಂಡು ಹೋಗುತ್ತಾರೆ. ಗಾಲಿಕುರ್ಚಿ, ಮೂರು ಚಕ್ರದ ಸೈಕಲ್, ಕ್ಯಾಲಿಪರ್, ಶ್ರವಣ ಸಾಧನ ಹೋಗಿದ್ದರೆ ಅವನ್ನೂ ಹೇಳಿ ಬರೆಸಿ, ಬರೆದದ್ದನ್ನು ಓದಿಸಿ ಕೇಳಿ ಸಹಿ ಮಾಡಿ.

ಪಟ್ಟಿಯ ಇನ್ನೊಂದು ಪ್ರತಿಯನ್ನು ಬೋಟು ನಡೆಸುವವರಿಗೆ ಕೊಡಿ. 2019ರ ಆಗಸ್ಟಿನಲ್ಲಿ ಯಾವ ಮನೆಯ ಒಳಕೋಣೆಯಲ್ಲಿ ಯಾರು ಏಳಲಾರದೆ ಮಲಗಿದ್ದಾರೆ ಎಂದು ನಮ್ಮ ಕಡೆ ಮೊದಲು ಹೇಳಿದವರು ಅವರೇ.